ನೂರಕ್ಕೆ ಎರಡು

ಇನಾಜಾವಾ ಊರಿನ ಹ್ಯಾಚರಿಯಲ್ಲಿ
ಬೆಳಗಿನ ನಾಲ್ಕೂವರೆಗೆ ಉರಿಯುವುದು ಒಂದೇ ದೀಪ,
ಹಿಸಾನೋಳ ಮೂಗಿನಿಂದ ಗೇಣುದ್ದ ದೂರ.
ಚಿಪ್ಪೊಡೆದು ಇನ್ನೂ ಒಂದು ಹಗಲು ಕಾಣದ ಮರಿಗಳು
ತಟ್ಟೆ ತಟ್ಟೆಯಾಗಿ ಬರುತ್ತವೆ,
ಚಿಂವ್ ಚಿಂವ್ ಎನ್ನುವ ಹಳದಿ ಗದ್ದಲ.

ಎಡಗೈ ಒಂದನ್ನು ಎತ್ತುತ್ತದೆ.
ಹೆಬ್ಬೆರಳು ಹೊಟ್ಟೆಯ ಮೇಲೆ ತುಸುವೇ ಒತ್ತಿ
ಮೊದಲ ಹಿಕ್ಕೆಯನ್ನು ಡಬ್ಬಿಗೆ ಚಿಮ್ಮಿಸುತ್ತದೆ.
ಬಾಲದ ಕೆಳಗಿನ ಬಾಗಿಲು ತೆರೆದರೆ ಒಳಗೊಂದು ಮಡಿಕೆ,
ಮಡಿಕೆಯ ನಡುವೆ, ಇದ್ದರೆ, ಒಂದು ಗುಳ್ಳೆ.
ಸಾಸಿವೆ ದೊಡ್ಡದಾಯಿತು, ಗಸಗಸೆಯೂ ದೊಡ್ಡದೇ;
ರಾಗಿ ಕಾಳಿನ ಮೇಲೆ ಬೆಳಕು ಬಿದ್ದಾಗ
ಮಿನುಗುವಷ್ಟು ಜಾಗ.
ಇದ್ದರೆ ಹುಂಜ. ಇಲ್ಲದಿದ್ದರೆ ಹೇಟೆ.
ಇದ್ದೂ ಹೇಟೆಯಾಗುವುದುಂಟು. ಆಗ
ಹೊಳೆಯುತ್ತದೆಯೋ, ಮಂಕಾಗಿದೆಯೋ,
ಸವರಿದರೆ ಕರಗುತ್ತದೆಯೋ, ಹಟ ಹಿಡಿದು ನಿಲ್ಲುತ್ತದೆಯೋ
ಇಷ್ಟನ್ನೂ ವಿಚಾರಿಸಲು ಮೂರು ಸೆಕೆಂಡು.

ಎಡಕ್ಕೆ ಹೇಟೆ: ಐದು ತಿಂಗಳಿಗೆ ಮೊಟ್ಟೆ.
ಬಲಕ್ಕೆ ಹುಂಜ: ಮಧ್ಯಾಹ್ನದವರೆಗೆ.

ನನ್ನ ಭಾಷೆಯಲ್ಲಿ ಹುಂಜವೂ ಅದು, ಹೇಟೆಯೂ ಅದು.
ಬಂತು, ಮೇಯಿತು, ಸತ್ತಿತು:
ಕ್ರಿಯಾಪದ ಕೂಡ ಬಾಲ ಎತ್ತಿ ನೋಡುವುದಿಲ್ಲ.
ಪದ್ಯ ಬರೆಯುವವರಿಗೆ ಇದೊಂದು ಅನುಕೂಲ.
ಹಿಸಾನೋ ಮಾತ್ರ ಗಂಟೆಗೆ ಸಾವಿರ ಸಲ
ಅದು ಏನೆಂದು ಹೇಳಿಯೇ ತೀರಬೇಕು.

ಕಲಿಯಲು ಬಂದ ಕಿನುಯೊಗೆ ಹತ್ತೊಂಬತ್ತು.
‘ಹೇಗೆ ಗೊತ್ತಾಗುತ್ತದೆ?’
‘ನೋಡು.’
‘ಏನನ್ನು ನೋಡಲಿ?’
‘ಕಂಡದ್ದನ್ನು.’
ಆರು ತಿಂಗಳ ಪಾಠ ಇಷ್ಟೇ.
ಹುಡುಗಿ ಹುಂಜ ಎನ್ನುವಳು, ಹೇಟೆ ಎನ್ನುವಳು,
ಪಕ್ಕದಿಂದ ಹೂಂ, ಇಲ್ಲವೇ ಊಹೂಂ.
ಮಳೆ ಹಿಡಿದ ಒಂದು ವಾರ ಹೂಂಗಳು ಹೆಚ್ಚಾದವು.
ಯಾಕೆಂದು ಕೇಳಿದರೆ ಇಬ್ಬರಿಗೂ ಗೊತ್ತಿಲ್ಲ;
ಬೆರಳಿಗೆ ತಿಳಿದದ್ದನ್ನು ಬೆರಳು ಬಾಯಿಗೆ ಹೇಳಿರಲಿಲ್ಲ.

ಅಕ್ಟೋಬರಿನಲ್ಲಿ ತೊಕುಜಿರೊನ ಫೋನು ಬಂತು:
‘ನೀವು ಕೊಟ್ಟ ಹೇಟೆಗಳಲ್ಲಿ ಒಂದು
ನಸುಕಿಗೆ ಎದ್ದು ಕೂಗುತ್ತಿದೆ.’
ಮ್ಯಾನೇಜರ್ ನಕ್ಕ. ನೂರಕ್ಕೆ ಎರಡು ತಪ್ಪು
ಕರಾರಿನಲ್ಲೇ ಇದೆಯಲ್ಲ, ಬಿಡಿ, ಎಂದ.
ಹಿಸಾನೋ ಬಿಡಲಿಲ್ಲ, ಸೈಕಲ್ ತೆಗೆದಳು.
ಹಿಂದೆ ಕಿನುಯೊ, ಇನ್ನೊಂದು ಸೈಕಲ್ಲಿನ ಮೇಲೆ,
ಮಾರಾಟಕ್ಕೆ ನಿಂತ ಪೈನ್ ಸಸಿಗಳ ಸಾಲು ದಾಟಿ,
ಕೊಯ್ದ ಭತ್ತವನ್ನು ಗಳುವಿಗೆ ನೇತುಹಾಕಿದ ಗದ್ದೆ ದಾಟಿ.

ಅಂಗಳದಲ್ಲಿ ಅದು ನಿಂತಿತ್ತು,
ಬೆಳ್ಳಗೆ, ಕೆಂಪು ಜುಟ್ಟು ಒಂದು ಕಡೆಗೆ ವಾಲಿ,
ಬಾಲ ಕುಡುಗೋಲಿನಂತೆ ಬಾಗಿ,
ಸುತ್ತ ನಲವತ್ತು ಹೇಟೆಗಳ ಯಜಮಾನಿಕೆ ಹೊತ್ತು.
ಹಿಸಾನೋ ತಲೆವಸ್ತ್ರ ತೆಗೆದು ಸೊಂಟ ಬಾಗಿಸಿ ನಮಿಸಿದಳು.
ತೊಕುಜಿರೊಗೋ ಹುಂಜಕ್ಕೋ
ಹಿಂದೆ ನಿಂತ ಹುಡುಗಿಗೆ ತಿಳಿಯಲಿಲ್ಲ.
ಆಮೇಲೆ ಅದನ್ನು ಹಿಡಿದು ಕಂಕುಳಿಗೆ ಸೇರಿಸಿದಳು.
ರೂಢಿಯ ಕೈ ತಾನಾಗಿಯೇ ಬಾಲ ಎತ್ತಿತು,
ಹೆಬ್ಬೆರಳು ಹೊಟ್ಟೆಗೆ ಹೋಯಿತು, ಅಲ್ಲೇ ನಿಂತಿತು.
‘ಈಗ ಯಾರು ಬೇಕಾದರೂ ಹೇಳುತ್ತಾರೆ’ ಎಂದಳು.

ಬದಲಿಗೆ ಹೇಟೆ ಕೊಡಬೇಕೆ ಎಂದು ಕೇಳಿದ್ದಕ್ಕೆ ತೊಕುಜಿರೊ
‘ಬೇಡ, ಇದೇ ಇರಲಿ, ನಮ್ಮ ಗಡಿಯಾರ ಕೆಟ್ಟಿದೆ’ ಎಂದ.
ದಾರಿಯುದ್ದಕ್ಕೂ ಅವಳು ಮಾತಾಡಲಿಲ್ಲ.

ಮರುದಿನ ನಾಲ್ಕೂವರೆ, ದೀಪ, ತಟ್ಟೆ.
ಮೂರು ಸೆಕೆಂಡು, ಮೂರು ಸೆಕೆಂಡು.
ಎಷ್ಟನೆಯದೋ ಒಂದು ಮರಿಯ ಮೇಲೆ ಕಿನುಯೊಳ ಕೈ ತಡೆಯಿತು,
ನಾಲ್ಕನೆಯ ಸೆಕೆಂಡು ದಾಟಿತು, ಐದನೆಯದೂ.
ಆಮೇಲೆ ಎಡಗಡೆಯ ಪೆಟ್ಟಿಗೆಗೆ ಮೆಲ್ಲಗೆ ಇಳಿಯಿತು.

ಹಿಸಾನೋ ನೋಡಿದಳು.
ಹೂಂ ಎನ್ನಲಿಲ್ಲ,
ಊಹೂಂ ಎನ್ನಲಿಲ್ಲ.